ಹನ್ನೊಂದು ದಿನದ ಮಹರ್ಷಿ

ನಮ್ಮ ದೊಡ್ಡಪ್ಪ ಮಹರ್ಷಿಯಾಗಿದ್ದದ್ದು ಹನ್ನೊಂದು ದಿನ. ಅದಕ್ಕೆ ಮೊದಲು ಅವರು ಊರವರ ಬಾಯಲ್ಲಿ ಐನೋರು, ಅಜ್ಜಿಯ ಬಾಯಲ್ಲಿ ಸುಬ್ಬ, ದೊಡ್ಡಮ್ಮನ ಬಾಯಲ್ಲಿ ಬರೀ ‘ಏನೂಂದ್ರೆ’. ಆ ಹನ್ನೊಂದು ದಿನಗಳಲ್ಲಿ ನನ್ನೊಳಗೆ ಕೂತ ಹೆದರಿಕೆ ಇವತ್ತಿಗೂ ಪೂರ್ತಿ ಎದ್ದು ಹೋಗಿಲ್ಲ. ಯಾವುದಾದರೂ ಸಭೆಯಲ್ಲಿ ಯಾರನ್ನಾದರೂ ದೊಡ್ಡ ಬಿರುದು ಹಚ್ಚಿ ಕರೆದರೆ, ಜನ ಚಪ್ಪಾಳೆ ತಟ್ಟುವಾಗ ನಾನು ಆ ಮನುಷ್ಯ ನೆಟ್ಟಗೆ ನಡೆಯುತ್ತಾನೋ, ಮಾಲೆಗೆ ಯಾವ ಕೈ ಚಾಚುತ್ತಾನೋ ಎಂದು ನೋಡುತ್ತಿರುತ್ತೇನೆ. ನನ್ನ ಸೊಸೆ ಇದಕ್ಕೆ ನಗುತ್ತಾಳೆ. ನಗಲಿ, ಅವಳು ಆ ಮನೆಯಲ್ಲಿ ಇರಲಿಲ್ಲ.

ಕುಶಾಲನಗರದಿಂದ ಮೂರು ಮೈಲಿ ಮೇಲಕ್ಕೆ, ಕಾವೇರಿಯ ದಂಡೆಯಲ್ಲಿ ಒಂದು ಸಣ್ಣ ಈಶ್ವರನ ಗುಡಿ. ಗುಡಿಗೆ ಸೇರಿದ ಮನೆಯಲ್ಲಿ ನಾವಿದ್ದೆವು. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಪಕ್ಕಕ್ಕೆ ದೇವರ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು. ಬಚ್ಚಲ ಬಾಗಿಲಿನಿಂದ ಇಳಿದರೆ ಹೊಳೆಯ ಮೆಟ್ಟಿಲು. ನನ್ನನ್ನು ಹೆತ್ತ ಹತ್ತನೆಯ ದಿನಕ್ಕೆ ಅಮ್ಮ ತೀರಿಕೊಂಡಿದ್ದಳಂತೆ. ಅಪ್ಪ ಬಾಳೆಲೆ ಎಂಬ ಊರಿನ ಹತ್ತಿರ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಕಾಫಿ ಹಣ್ಣಿನ ಪಿಕಿಂಗ್ ಮುಗಿದ ಮೇಲೊಮ್ಮೆ, ಗೌರಿ ಹಬ್ಬಕ್ಕೊಮ್ಮೆ ಬಂದರೆ ಬಂದರು. ನನ್ನನ್ನು ಸಾಕಿದವರು ಅಪ್ಪನ ಅಣ್ಣ, ಗುಡಿಯ ಅರ್ಚಕರಾಗಿದ್ದ ದೊಡ್ಡಪ್ಪ, ಮತ್ತು ಮಕ್ಕಳಿಲ್ಲದ ದೊಡ್ಡಮ್ಮ. ಅವರಿಬ್ಬರ ಮೇಲೆ ಅಧಿಕಾರ ನಡೆಸುತ್ತಿದ್ದವಳು ಅಜ್ಜಿ. ಆ ಮನೆ ನಮ್ಮದಲ್ಲ, ಪೂಜೆ ಮಾಡುವವನದು ಎಂಬುದನ್ನು ಅಜ್ಜಿ ನಮಗೆ ಮರೆಯಲು ಬಿಡುತ್ತಿರಲಿಲ್ಲ. ಅಂಗದಲ್ಲಿ ಊನವಿದ್ದವನು ಲಿಂಗ ಮುಟ್ಟುವಂತಿಲ್ಲ ಎಂಬುದು ಶಾಸ್ತ್ರ. ಹಿಂದೆ ಇದೇ ಗುಡಿಯ ಒಬ್ಬ ಅರ್ಚಕರಿಗೆ ಕಣ್ಣು ಹೋದಾಗ ಅವರ ಸಂಸಾರ ಒಂದೇ ತಿಂಗಳಲ್ಲಿ ಗಾಡಿ ಹತ್ತಿದ್ದನ್ನು ಅಜ್ಜಿ ಕಣ್ಣಾರೆ ಕಂಡಿದ್ದಳು. ದೊಡ್ಡಪ್ಪ ಹಲಸಿನ ಮರ ಹತ್ತಿದರೂ ಸಾಕು, ಅವಳು ಕೆಳಗೆ ನಿಂತು ಶಿವನನ್ನು ಕರೆಯುತ್ತಿದ್ದಳು.

ದೊಡ್ಡಪ್ಪನಷ್ಟು ಮಾತಾಡುವ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಬೆಳಿಗ್ಗೆ ಮಂತ್ರದಿಂದ ಶುರುವಾದ ಬಾಯಿ ರಾತ್ರಿ ಆಕಳಿಕೆಯಲ್ಲಿ ಮುಚ್ಚಬೇಕು. ಹಸುವಿನ ಹತ್ತಿರ, ಒಲೆಯ ಹತ್ತಿರ, ಬಾರದ ಮಳೆಯ ಹತ್ತಿರ, ಬಂದು ನಿಲ್ಲದ ಮಳೆಯ ಹತ್ತಿರ, ಎಲ್ಲದರ ಹತ್ತಿರವೂ ಮಾತು. ಊರವರ ಕಾಗದಗಳನ್ನೆಲ್ಲ ಬರೆದುಕೊಡುತ್ತಿದ್ದವರೂ ಅವರೇ. ಬರೆಯುವಾಗಲೂ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದುದರಿಂದ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಊಟಕ್ಕೆ ಕೂತರಂತೂ ದೊಡ್ಡಮ್ಮನ ಜೊತೆ ಜಗಳ ಆಗಲೇಬೇಕು. ಸಾರಿಗೆ ಖಾರ ಸಾಲದು, ಪಲ್ಯಕ್ಕೆ ಒಗ್ಗರಣೆ ಸೀದಿದೆ, ಈ ಮನೆಯಲ್ಲಿ ಬಾಳೆಲೆ ಹರಿಯದೆ ಹಾಕುವವರೇ ಇಲ್ಲ. ದೊಡ್ಡಮ್ಮ ಮತ್ತೊಂದು ಸೌಟು ಬಡಿಸುತ್ತಿದ್ದಳು. ಅವರು ಅದನ್ನೂ ಉಂಡು, ಕೈ ತೊಳೆದು ಬಂದು, ಚೆನ್ನಾಗಿತ್ತು ಎನ್ನುತ್ತಿದ್ದರು.

ಋಷಿಗಳ ಕಥೆಗಳೆಲ್ಲ ನನಗೆ ಬಂದದ್ದು ಆ ಊಟದ ಹೊತ್ತಿನಲ್ಲೇ. ಒಮ್ಮೆ ಯಾರೋ ಒಬ್ಬ ಸ್ವಾಮಿ ಕುಶಾಲನಗರಕ್ಕೆ ಬಂದಿದ್ದ. ತನ್ನ ಹೆಸರಿನ ಜೊತೆ ಮಹರ್ಷಿ ಎಂದು ಅಚ್ಚು ಹಾಕಿಸಿದ ಹಳದಿ ಕಾಗದಗಳನ್ನು ಸಂತೆಯಲ್ಲಿ ಹಂಚಿಸಿದ್ದ. ಅಜ್ಜಿಗೆ ಹೋಗಿ ಕಾಲಿಗೆ ಬೀಳಬೇಕೆಂದು ಆಸೆ. ದೊಡ್ಡಪ್ಪನಿಗೆ ಅನ್ನದ ಮುಂದೆಯೇ ಸಿಟ್ಟು ನೆತ್ತಿಗೇರಿತು.

“ಋಷಿ ಅಂದ್ರೆ ಕಂಡವನು ಕಣಮ್ಮಾ. ಮಂತ್ರ ಕಟ್ಟಿದವನಲ್ಲ, ಇದ್ದದ್ದನ್ನ ಕಂಡವನು. ಹಂಗೆ ಕಂಡವರಲ್ಲಿ ದೊಡ್ಡವನು ಮಹರ್ಷಿ. ಅದನ್ನ ಬೇರೆಯವರು ಹೇಳ್ಬೇಕು. ವಿಶ್ವಾಮಿತ್ರ ಅಂಥೋನೇ ವಸಿಷ್ಠರ ಬಾಯಿಂದ ಬರ್ಲಿ ಅಂತ ಎಷ್ಟು ವರ್ಷ ಕಾದ. ಇವನು ಅಚ್ಚು ಹಾಕಿಸ್ಕೊಂಡು ಬಂದಿದಾನೆ.”

“ನಾವು ಹೇಳಿದ್ರಾಯ್ತಲ್ಲ, ನಾವೂ ಬೇರೆಯವ್ರೇ,” ಎಂದಳು ಅಜ್ಜಿ.

“ಬದುಕಿರೋರಿಗೆ ಹೇಳ್ಬಾರ್ದು. ಬದುಕಿರೋನಿಗೆ ಹಸಿವಾಗತ್ತೆ, ಸಿಟ್ಟು ಬರತ್ತೆ, ನಾಳೆ ಏನೋ ತಪ್ಪು ಮಾಡ್ತಾನೆ. ಆಗ ಪಾಪ ಅವನು ಏನು ಮಾಡ್ಬೇಕು?”

“ಸತ್ತೋರು ಮಾತ್ರ ತಪ್ಪು ಮಾಡ್ಲಿಲ್ವಾ?” ದೊಡ್ಡಮ್ಮ ಮಜ್ಜಿಗೆ ಬಡಿಸುತ್ತ ಕೇಳಿದಳು. “ಅಗಸ್ತ್ಯ ಮಹರ್ಷಿಗಳು ಕಾವೇರಮ್ಮನ್ನ ಒಬ್ಬಳನ್ನೇ ಬಿಟ್ಟು ಹೋಗಲ್ಲ ಅಂತ ಮಾತು ಕೊಟ್ಟು, ಕಮಂಡಲದಲ್ಲಿ ತುಂಬಿಟ್ಟು ಸ್ನಾನಕ್ಕೆ ಹೋದ್ರು. ಅದಕ್ಕೇ ಅವಳು ಹರಿದು ಹೋದ್ಲು.”

“ಹೆಂಡತಿ ವಿಷಯದಲ್ಲಿ ಮಹರ್ಷಿಗಳೂ ನಮ್ಮ ಹಂಗೇ ಕಣೇ,” ಎಂದು ದೊಡ್ಡಪ್ಪ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಸ್ವಾಮಿಯನ್ನು ನೋಡಲು ಅವಳನ್ನು ಕರೆದುಕೊಂಡು ಹೋಗುವವರೂ ಯಾರೂ ಇರಲಿಲ್ಲ.

ನನಗೆ ಒಂಬತ್ತು ವರ್ಷ ತುಂಬಿದ ಆ ಸಲ ತುಲಾ ಸಂಕ್ರಮಣಕ್ಕೆ ದೊಡ್ಡಪ್ಪ ತಲಕಾವೇರಿಗೆ ಹೋದರು. ಜೊತೆಗೆ ನಮ್ಮ ಊರಿನ ಪಟೇಲ ಮಲ್ಲೇಗೌಡರು ಮತ್ತು ಇನ್ನೂ ಆರೇಳು ಜನ. ಮಡಿಕೇರಿ ತನಕ ಮೋಟಾರು, ಮುಂದೆ ಕಾಲ್ನಡಿಗೆ. ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ನೋಡಿ, ಕೊಳದಲ್ಲಿ ಮುಳುಗಿ, ತೀರ್ಥ ತುಂಬಿಕೊಂಡು ನಾಲ್ಕನೆಯ ದಿನ ವಾಪಸು ಬರುವುದು ವಾಡಿಕೆ. ದೊಡ್ಡಪ್ಪ ವಾಪಸು ಬರುವುದು ನಮಗೆ ಯಾವಾಗಲೂ ಕಿವಿಯಿಂದಲೇ ಗೊತ್ತಾಗುತ್ತಿತ್ತು. ಗದ್ದೆಯ ಆಚೆ ಬದುವಿನಿಂದಲೇ ಅವರ ದನಿ ಕೇಳುತ್ತಿತ್ತು. ಆ ಸಲ ಅವರು ಜಗುಲಿ ಹತ್ತಿ ನಿಂತ ಮೇಲೆಯೇ ನಾವು ನೋಡಿದ್ದು. ಬಟ್ಟೆ ಕೆಸರಾಗಿತ್ತು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದರು. ಅವರ ಹಿಂದೆ ಪಟೇಲರು ಎಲೆಯಡಿಕೆಯನ್ನೂ ಉಗಿದು, ಚಪ್ಪಲಿ ದೂರ ಬಿಟ್ಟು, ಕೈ ಮುಗಿದು ನಿಂತಿದ್ದರು.

“ಐನೋರು ಮೌನ ಹಿಡಿದವ್ರೆ ಅಮ್ಮೋರೆ,” ಎಂದು ಪಟೇಲರು ಅಜ್ಜಿಗೆ ಹೇಳಿದರು. “ಕೊಳದಲ್ಲಿ ಮುಳುಗಿ ಎದ್ರು ನೋಡಿ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ರು. ಕಣ್ಣಲ್ಲಿ ನೀರು. ನಾವು ಎಷ್ಟು ಕರೆದ್ರೂ ಬಾಯಿ ಬಿಡ್ಲಿಲ್ಲ. ಸಾಕ್ಷಾತ್ ಅಗಸ್ತ್ಯ ಮಹರ್ಷಿಗಳು ಕೂತಂಗಿತ್ತು. ಅಲ್ಲಿದ್ದೋರೆಲ್ಲ ಕಾಲಿಗೆ ಬಿದ್ರು.”

ಅಜ್ಜಿ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ತಲಕಾವೇರಿಗೆ ಹೋದವರು ವ್ರತ ಹಿಡಿಯುವುದು ಹೊಸದಲ್ಲ. ಒಬ್ಬರು ಉಪ್ಪು ಬಿಡುತ್ತಾರೆ, ಒಬ್ಬರು ಒಪ್ಪತ್ತು ಮಾಡುತ್ತಾರೆ, ಕೆಲವರು ತಿಂಗಳ ತನಕ ಮಾತು ಬಿಡುತ್ತಾರೆ. ದೊಡ್ಡಪ್ಪ ಮಾತು ಬಿಡುವುದೆಂದರೆ ಮಾತ್ರ ಪವಾಡವೇ ಸರಿ. ನಾವು ಸಾಲಾಗಿ ತೀರ್ಥಕ್ಕೆ ಕೈಯೊಡ್ಡಿದೆವು. ದೊಡ್ಡಪ್ಪ ಗಿಂಡಿಯನ್ನು ಕಂಕುಳಲ್ಲಿ ಅವುಚಿ, ಉದ್ಧರಣೆ ಹಿಡಿದು, ನನ್ನ ಅಂಗೈಗೆ ತೀರ್ಥ ಹಾಕಿದರು. ಎಡಗೈಯಲ್ಲಿ. ಎಡಗೈಯಲ್ಲಿ ಹೂ ಕೊಟ್ಟದ್ದಕ್ಕೆ ನನಗೆ ಅವರಿಂದಲೇ ಏಟು ಬಿದ್ದಿತ್ತು. ನಾನು ತಲೆಯೆತ್ತಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿಯ ಒಂದು ಮೂಲೆ ಅಲುಗಿತು, ಗಂಟಲಿನಲ್ಲಿ ಏನೋ ಶಬ್ದ ಎದ್ದು ಅಲ್ಲೇ ನಿಂತಿತು. ಇವರು ಮಾತು ಬಿಟ್ಟಿಲ್ಲ, ಇವರಿಗೆ ಮಾತು ಬರುತ್ತಿಲ್ಲ ಎಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಎಷ್ಟು ವರ್ಷ ಕಳೆದರೂ ಇದನ್ನು ಬೇರೆ ಥರ ಹೇಳಲು ನನ್ನಿಂದಾಗಿಲ್ಲ. ಮೊದಲ ದಿನವೇ ನನಗೆ ಗೊತ್ತಿತ್ತು.

“ಅಜ್ಜಿ, ದೊಡ್ಡಪ್ಪ ಎಡಗೈಯಲ್ಲಿ ತೀರ್ಥ ಕೊಟ್ರು,” ಎಂದೆ.

“ಮಹರ್ಷಿಗಳಿಗೆ ಎಡ ಬಲ ಅಂತಿಲ್ಲ,” ಎಂದಳು ಅಜ್ಜಿ, ಪಟೇಲರಿಗೂ ಕೇಳುವಂತೆ. “ಇನ್ಮೇಲೆ ದೊಡ್ಡಪ್ಪ ಗಿಡ್ಡಪ್ಪ ಅನ್ಬೇಡ. ಮಹರ್ಷಿಗಳು ಅನ್ನು.”

ಅಲ್ಲಿಂದ ಮನೆಯ ಚಹರೆಯೇ ಬದಲಾಯಿತು. ದೊಡ್ಡಪ್ಪನ ಹಾಸಿಗೆ ನಡುಮನೆಯಿಂದ ದೇವರ ಕೋಣೆಗೆ ಹೋಯಿತು. ಪೆಟ್ಟಿಗೆಯ ಅಡಿಯಲ್ಲಿದ್ದ ಕೃಷ್ಣಾಜಿನವನ್ನು ಕೊಡವಿ ಹಾಸಿ ಅದರ ಮೇಲೆ ಅವರನ್ನು ಕೂರಿಸಿದರು. ಮಹರ್ಷಿಗಳು ಅನ್ನ ಸಾರು ಉಣ್ಣುತ್ತಾರೆಯೇ? ಹಾಲು, ಹಣ್ಣು ಮಾತ್ರ. ಬೆಳಿಗ್ಗೆ ಗುಡಿಯ ಪೂಜೆಗೆ ಪಟೇಲರೂ ಅಜ್ಜಿಯೂ ಎರಡು ಪಕ್ಕ ನಡೆದು ಅವರನ್ನು ಕರೆದೊಯ್ಯುತ್ತಿದ್ದರು. ಅವರು ಎಡಗೈಯಲ್ಲಿ ಬಿಲ್ವಪತ್ರೆ ಹಾಕಿ ಸುಮ್ಮನೆ ನಿಲ್ಲುತ್ತಿದ್ದರು. ಮಂತ್ರವಿಲ್ಲದ ಪೂಜೆ ನಡೆದೀತೇ ಎಂದು ಯಾರೋ ಕೇಳಿದಾಗ ಪಟೇಲರು, ಅವರ ಮೌನವೇ ಮಂತ್ರ ಕಣಯ್ಯ ಎಂದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಲಕ್ವ ಎಂಬ ಮಾತು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಲಕ್ವ ಎಂದರೆ ಬಾಯಿ ಕಿವಿಯ ತನಕ ಸೊಟ್ಟಗಾಗಿ ಹಾಸಿಗೆ ಹಿಡಿಯುವುದು ಎಂದು ಎಲ್ಲರೂ ತಿಳಿದಿದ್ದರು. ತಲಕಾವೇರಿಯಿಂದ ಭಾಗಮಂಡಲಕ್ಕೆ ಬೆಟ್ಟ ಇಳಿದು ಬಂದವನಿಗೆ ಲಕ್ವ ಹೊಡೆಯುವುದು ಹೇಗೆ?

ಮೂರನೆಯ ದಿನಕ್ಕೆ ಜಗುಲಿ ತುಂಬಿತು. ಹೆಂಗಸರು ಹಾಲು ತಂದರು, ಗಂಡಸರು ಬಾಳೆಗೊನೆ ತಂದರು. ಎಲ್ಲರೂ ಅಡ್ಡ ಬೀಳುವಾಗ ದೊಡ್ಡಮ್ಮನೂ ಬೀಳಬೇಕಾಯಿತು. ಇಪ್ಪತ್ತು ವರ್ಷ ಒಗ್ಗರಣೆಯ ವಿಷಯಕ್ಕೆ ಜಗಳವಾಡಿದ ಗಂಡನಿಗೆ ಅವಳು ಮಹರ್ಷಿಗಳೇ ಎಂದಳು. ಹಾಗೆ ಅಂದು ಎದ್ದವಳು ಅಡುಗೆಮನೆಗೆ ಬಂದು ಒಲೆಗೆ ಸೌದೆ ಮೇಲೆ ಸೌದೆ ತುರುಕಿದಳು, ಮೇಲೆ ಪಾತ್ರೆಯೇ ಇರಲಿಲ್ಲ.

ಇನ್ನು ನನ್ನ ಕಥೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ತಾಯಿಯನ್ನು ತಿಂದುಕೊಂಡ ಹುಡುಗಿ ಎಂದು ನನ್ನನ್ನು ಹಬ್ಬದ ಆರತಿಗೆ ಮುಂದೆ ನಿಲ್ಲಿಸುತ್ತಿರಲಿಲ್ಲ. ಆ ವಾರ ಪಟೇಲರ ಹೆಂಡತಿ ತಾವೇ ಬಂದು ನನ್ನ ಜಡೆಗೆ ಸೇವಂತಿಗೆ ಮುಡಿಸಿ, ಇವಳು ಮಹರ್ಷಿಗಳ ಸಾಕುಮಗಳು ಎಂದು ಪಕ್ಕದವರಿಗೆ ಹೇಳಿದರು. ಶಾಲೆಯಲ್ಲಿ ನೆಲದಿಂದ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದರು. ನನಗೆ ಅದು ಬಹಳ ಇಷ್ಟವಾಯಿತು. ದೇವರ ಕೋಣೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಾಗ ದೊಡ್ಡಪ್ಪ ನನ್ನ ಕಡೆ ನೋಡಿದರೆ ನಾನು ಕಣ್ಣು ತಪ್ಪಿಸಿ ತಟ್ಟೆಯೊಳಗಿನ ಹೂವನ್ನು ಸರಿಮಾಡುತ್ತಿದ್ದೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಮಹರ್ಷಿಗಳನ್ನು ರೋಗಿ ಎಂದುಕೊಳ್ಳುವುದು ಪಾಪವೋ, ರೋಗಿಯನ್ನು ಮಹರ್ಷಿ ಎನ್ನುವುದು ಪಾಪವೋ ಯಾರನ್ನು ಕೇಳುವುದು? ಇಂಥವನ್ನೆಲ್ಲ ನಾನು ಕೇಳುತ್ತಿದ್ದುದು ದೊಡ್ಡಪ್ಪನನ್ನೇ.

ಐದನೆಯ ದಿನ ಬಚ್ಚಲಿಗೆ ಬಿಸಿನೀರು ಕೊಡಲು ಹೋದಾಗ ದೊಡ್ಡಮ್ಮ ಅವರ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬಿಟ್ಟ ಕೂಡಲೇ ಅವು ಮತ್ತೆ ಮುದುರಿಕೊಳ್ಳುತ್ತಿದ್ದವು. ನನ್ನನ್ನು ಕಂಡು ಆ ಕೈಯ ಮೇಲೆ ಸೆರಗು ಮುಚ್ಚಿದಳು.

“ದೊಡ್ಡಮ್ಮ, ಇದು ವ್ರತ ಅಲ್ಲ ಅಲ್ವಾ?”

“ಸುಮ್ನಿರು ಗೌರಿ. ಪೂಜೆ ಮಾಡೋ ಕೈಗೆ ಹಿಂಗಾಗಿದೆ ಅಂತ ಊರಿಗೆ ಗೊತ್ತಾದ್ರೆ ನಾಳೆ ನಾವು ಎಲ್ಲಿಗೆ ಹೋಗೋದು? ನಾಲ್ಕು ದಿನ ಹೋದ್ರೆ ಸರಿಹೋಗತ್ತೆ. ಕಾವೇರಮ್ಮ ಇದಾಳೆ.”

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳಲೂ ಆಗದು, ನುಂಗಲೂ ಆಗದು. ದೊಡ್ಡಪ್ಪ ನಮ್ಮಿಬ್ಬರ ಮಾತನ್ನೂ ಕೇಳುತ್ತ ಹಲಗೆಯ ಮೇಲೆ ಕೂತಿದ್ದರು. ಎಲ್ಲವೂ ಅವರಿಗೆ ಅರ್ಥವಾಗುತ್ತಿತ್ತು.

ಆರನೆಯ ದಿನ ಪಟೇಲರು ಬಸುರಿ ಸೊಸೆಯನ್ನು ಕರೆತಂದರು. ಎರಡು ಸಲ ಹೆರಿಗೆ ಕೆಟ್ಟಿತ್ತು, ಈ ಸಲವಾದರೂ ಉಳಿಯಲೆಂದು ಮಹರ್ಷಿಗಳು ಒಂದಕ್ಷರ ಬರೆದುಕೊಡಬೇಕು ಎಂದು ಕೇಳಿಕೊಂಡರು. ನಾನು ಕಾಗದ, ಸೀಸದ ಕಡ್ಡಿ ತಂದುಕೊಟ್ಟೆ. ನನಗೆ ಒಳಗೊಳಗೇ ಒಂದು ಆಸೆ ಹುಟ್ಟಿತು. ಇವರು ಬರೆದು ಹೇಳಬಹುದಲ್ಲ, ನನಗೆ ಹುಷಾರಿಲ್ಲ ಅಂತ ಬರೆದುಬಿಟ್ಟರೆ ನಾನು ಏನೂ ಹೇಳಬೇಕಾಗಿಲ್ಲವಲ್ಲ. ದೊಡ್ಡಪ್ಪ ಎಡಗೈಯಲ್ಲಿ ಕಡ್ಡಿ ಹಿಡಿದು, ಹಣೆ ಬೆವರುವಷ್ಟು ಹೊತ್ತು ಬರೆದರು. ನಾನು ಬಗ್ಗಿ ನೋಡಿದೆ. ಒಂದು ಸೊಟ್ಟ ಗೆರೆ, ಒಂದು ಸುರುಳಿ, ಮತ್ತೆ ಗೆರೆ. ಅದು ಕನ್ನಡವಲ್ಲ, ನಾಗರಿಯಲ್ಲ, ಯಾವ ಅಕ್ಷರವೂ ಅಲ್ಲ. ಊರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ಮನುಷ್ಯ ತಾನು ಬರೆದದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೆನ್ನೆಯ ಮೇಲೆ ನೀರು ಇಳಿಯಿತು.

“ಬೀಜಾಕ್ಷರ,” ಎಂದಳು ಅಜ್ಜಿ. ಹೇಳುವಾಗ ಅವಳು ಮಗನ ಕಡೆ ನೋಡಲಿಲ್ಲ.

ಪಟೇಲರು ಆ ಚೀಟಿಯನ್ನು ಕಣ್ಣಿಗೊತ್ತಿ, ತಾಯಿತಕ್ಕೆ ತುಂಬಿಸುತ್ತೇನೆಂದು ಮಡಚಿಟ್ಟುಕೊಂಡರು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದರು. ಬರುವ ಸೋಮವಾರ ಸುತ್ತಿನ ಏಳು ಹಳ್ಳಿಯವರೂ ತುಲಾಸ್ನಾನಕ್ಕೆ ನಮ್ಮ ಮೆಟ್ಟಿಲಿಗೇ ಬರುತ್ತಾರೆ. ಮಹರ್ಷಿಗಳು ಹೊಳೆಯ ನಡುವಿನ ಬಸವನ ಬಂಡೆಯ ತನಕ ನಡೆದುಹೋಗಿ ಮೊದಲು ಮುಳುಗಬೇಕು, ಆಮೇಲೆ ಜನ. ಅಜ್ಜಿ ಆಗಲಿ ಎಂದುಬಿಟ್ಟಳು. ಆ ವರ್ಷದ ಮಳೆಗೆ ಹೊಳೆ ಇನ್ನೂ ಇಳಿದಿರಲಿಲ್ಲ. ಬಂಡೆಯ ತನಕ ನನ್ನ ಅಪ್ಪನಿಗೇ ಸೊಂಟದ ನೀರು, ಅದರಲ್ಲೂ ಸೆಳೆತ. ದೊಡ್ಡಪ್ಪನ ಬಲಗಾಲಿನಿಂದ ಚಪ್ಪಲಿ ಜಗುಲಿಯಲ್ಲೇ ಕಳಚಿ ಬೀಳುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ.

ಮರುದಿನ ದೊಡ್ಡಪ್ಪನ ಪೆಟ್ಟಿಗೆಯಿಂದ ಒಂದು ಕಾರ್ಡು ಕದ್ದೆ. ಅಪ್ಪನ ಹಳೆಯ ಕಾಗದ ನೋಡಿ ಎಸ್ಟೇಟಿನ ವಿಳಾಸ ಇಳಿಸಿದೆ. ಕಾರ್ಡಾದ್ದರಿಂದ ದಾರಿಯಲ್ಲಿ ಯಾರು ಬೇಕಾದರೂ ಓದಬಹುದು ಎಂಬ ಭಯದಲ್ಲಿ ಬಹಳ ಯೋಚಿಸಿ ಎರಡೇ ಸಾಲು ಬರೆದೆ: ದೊಡ್ಡಪ್ಪನ ಬಲಗೈ ಏಳುವುದಿಲ್ಲ, ಬೇಗ ಬಾ. ಟಪಾಲಿನವನು ಅದನ್ನು ತಿರುಗಿಸಿ ನೋಡಿ, ನನ್ನ ಮುಖ ನೋಡಿ, ಚೀಲಕ್ಕೆ ಹಾಕಿಕೊಂಡ. ಆಮೇಲಿನ ದಿನಗಳೆಲ್ಲ ಲೆಕ್ಕ ಹಾಕುವುದರಲ್ಲೇ ಕಳೆದವು. ಟಪಾಲಿನವನು ಪಟೇಲರಿಗೆ ಹೇಳಿಬಿಟ್ಟರೆ? ಅಪ್ಪನಿಗೆ ರಜ ಸಿಗದಿದ್ದರೆ? ಗೋಣಿಕೊಪ್ಪಲಿನಲ್ಲಿ ಮೋಟಾರು ತಪ್ಪಿದರೆ? ಒಂಬತ್ತನೆಯ ದಿನ ಹಾಲು ಕುಡಿಸುವಾಗ ದೊಡ್ಡಪ್ಪನಿಗೆ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಸಂಜೆಗೆ ಮೈ ಸುಡುತ್ತಿತ್ತು. ತಪಸ್ಸಿನ ಕಾವು ಎಂದರು ಬಂದವರು. ಆ ದಿನ ಅಜ್ಜಿ ಊಟ ಮಾಡಲಿಲ್ಲ, ಆದರೆ ಸೋಮವಾರದ ಮಾತು ಬೇಡವೆಂದು ಹೇಳಿಯೂ ಕಳಿಸಲಿಲ್ಲ.

ಸೋಮವಾರ ಬಂತು, ಅಪ್ಪ ಬರಲಿಲ್ಲ. ಬೆಳಗಾಗುವುದರೊಳಗೆ ದಂಡೆಯ ತುಂಬ ಜನ. ಪಟೇಲರು ಒಂದು ಕಡೆ, ಇನ್ನೊಬ್ಬರು ಒಂದು ಕಡೆ ಹಿಡಿದು ದೊಡ್ಡಪ್ಪನನ್ನು ಬಚ್ಚಲ ಬಾಗಿಲಿನಿಂದ ಇಳಿಸಿದರು. ಜ್ವರದ ಮೈ, ಮೇಲೆ ಒದ್ದೆ ಪಂಚೆ. ಕೊನೆಯ ಮೆಟ್ಟಿಲಲ್ಲಿ ಪಟೇಲರು ಕೈ ಬಿಟ್ಟು ಹಿಂದೆ ಸರಿದರು, ಇಲ್ಲಿಂದ ಮುಂದೆ ಮಹರ್ಷಿಗಳು ಒಬ್ಬರೇ ಹೋಗಬೇಕೆಂದು. ದೊಡ್ಡಪ್ಪ ನೀರನ್ನು ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದರು. ಆ ಸಲ ಸರಿಮಾಡಲು ನನ್ನ ಕೈಯಲ್ಲಿ ಹೂವಿನ ತಟ್ಟೆ ಇರಲಿಲ್ಲ. ನಾನು ಓಡಿಹೋಗಿ ಅವರ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಅವರ ಬಲಗಾಲು ನಿಲ್ಲಲ್ಲ. ಬಿದ್ದುಹೋಗ್ತಾರೆ. ಅವರು ಮಹರ್ಷಿ ಅಲ್ಲ, ಅವರಿಗೆ ಹುಷಾರಿಲ್ಲ.”

ಅಜ್ಜಿಯ ಕೈ ನನ್ನ ಕೆನ್ನೆಗೆ ಬಿತ್ತು. ನಾನು ಬಿಡಲಿಲ್ಲ. ಇನ್ನೊಂದು ಏಟು ಬೀಳುವ ಮೊದಲು ದೊಡ್ಡಮ್ಮ ಜನರ ನಡುವಿನಿಂದ ಇಳಿದು ಬಂದಳು. ಮಡಿಯಿಲ್ಲ, ತಲೆಯ ಮೇಲೆ ಸೆರಗಿಲ್ಲ. ನೇರವಾಗಿ ನೀರಿಗೇ ಇಳಿದು ಗಂಡನ ಮುಂದೆ ನಿಂತು ಎರಡು ತೋಳನ್ನೂ ಹಿಡಿದಳು.

“ಏನೂಂದ್ರೆ, ಸಾಕು. ಕೂತ್ಕೊಳಿ.”

ದೊಡ್ಡಪ್ಪ ಕೂತರು. ಕೂತದ್ದೇ ಅವಳ ಹೆಗಲಿಗೆ ತಲೆಯಿಟ್ಟು ದನಿ ತೆಗೆದು ಅತ್ತರು. ಮಾತು ಬಾರದವರ ಅಳುವಿನಲ್ಲಿ ಒಂದು ಬಗೆಯ ಶಬ್ದವಿರುತ್ತದೆ. ಅದನ್ನು ಕೇಳಿದ ಮೇಲೆ ದಂಡೆಯಲ್ಲಿದ್ದ ಯಾರಿಗೂ ಅದು ವ್ರತ ಎಂದು ಅನ್ನಿಸಿರಲಾರದು. ಜನ ಗುಂಪು ಗುಂಪಾಗಿ ಪಕ್ಕದ ಊರಿನ ಮೆಟ್ಟಿಲಿಗೆ ನಡೆದರು.

ಅಪ್ಪ ಬಂದದ್ದು ಆ ದಿನ ಮಧ್ಯಾಹ್ನ. ಕಾರ್ಡು ತಡವಾಗಿ ಕೈ ಸೇರಿತ್ತು. ಜೊತೆಗೆ ಎಸ್ಟೇಟಿನ ಆಸ್ಪತ್ರೆಯ ಡ್ರೆಸ್ಸರ್ ಕುಂಞಪ್ಪನವರನ್ನು ಕರೆತಂದಿದ್ದರು. ಲೈನುಮನೆಗಳಲ್ಲಿದ್ದ ಕೂಲಿಗಳಿಗೆಲ್ಲ ಔಷಧಿ ಕೊಡುವ ಮಲೆಯಾಳದ ಮನುಷ್ಯ. ಅವರು ದೊಡ್ಡಪ್ಪನ ನಾಲಗೆ ಹೊರಗೆ ಚಾಚಲು ಹೇಳಿದರು. ಅದು ಒಂದು ಪಕ್ಕಕ್ಕೆ ಹೋಯಿತು. ಅಂಗಾಲಿಗೆ ಬೀಗದ ಕೈಯಿಂದ ಗೆರೆ ಎಳೆದರು. ಎದೆಗೆ ಕಿವಿಯಿಟ್ಟು ಕೇಳಿದರು.

“ಎಷ್ಟು ದಿವಸ ಆಯ್ತು?”

“ಊರಿಗೆ ಬಂದು ಹನ್ನೊಂದು,” ಎಂದಳು ದೊಡ್ಡಮ್ಮ.

“ಇದು ವ್ರತ ಅಲ್ಲಮ್ಮ. ತಲೆಯೊಳಗೆ ರಕ್ತ ಓಡೋದು ನಿಂತಿದೆ, ಅದಕ್ಕೇ ಬಲಭಾಗ ಹೋಗಿದೆ. ಮೊದಲ ದಿವಸವೇ ಮಲಗಿಸಿ, ಮರುದಿವಸದಿಂದ ಕೈ ಆಡಿಸ್ಬೇಕಿತ್ತು, ಮಾತು ಹೇಳಿಸ್ಬೇಕಿತ್ತು. ನೀವು ಹಾಲು ಕುಡಿಸಿ ಕೂರಿಸಿದ್ದೀರಿ. ಹಾಲು ಎದೆಗೆ ಇಳಿದಿದೆ. ಈಗ ಜ್ವರ ಇಳೀಲಿ, ಮಿಕ್ಕಿದ್ದು ದೇವ್ರು.”

ನಾನು ಬಾಗಿಲ ಮೂಲೆಯಲ್ಲಿ ಬಿಕ್ಕಿದೆ. ಕುಂಞಪ್ಪನವರು ಹೋಗುವಾಗ ನನ್ನ ತಲೆ ಮುಟ್ಟಿ, ಸಾರಮಿಲ್ಲ ಮೋಳೆ, ಎಂದರು. ಪರವಾಗಿಲ್ಲ ಮಗಳೇ ಎಂದು ಅದರ ಅರ್ಥ. ಪರವಾಗಿಲ್ಲ ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಮೊದಲ ದಿವಸ ಎಂಬ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಜ್ವರ ಇಳಿಯಿತು. ದೊಡ್ಡಮ್ಮ ದಿನಾ ಎಣ್ಣೆ ಹಚ್ಚಿ ಕೈಕಾಲು ಆಡಿಸಿದಳು, ಹಾಲು ಬಿಟ್ಟು ಗಟ್ಟಿ ಗಂಜಿ ಉಣಿಸಿದಳು. ಕಾರ್ತಿಕ ಕಳೆಯುವುದರೊಳಗೆ ಪಟೇಲರು ಬಂದರು. ಈ ಸಲ ಚಪ್ಪಲಿಯನ್ನು ಜಗುಲಿಯ ಬುಡದಲ್ಲೇ ಬಿಟ್ಟರು. ಹಾಸನದ ಕಡೆಯ ಒಂದು ಸಂಸಾರಕ್ಕೆ ಪೂಜೆ ಒಪ್ಪಿಸಿದ್ದೇನೆ, ಶಾಸ್ತ್ರ ನಾನು ಮಾಡಿದ್ದಲ್ಲ ಅಮ್ಮೋರೆ, ಎಂದು ತಲೆ ತಗ್ಗಿಸಿ ಹೇಳಿದರು. ಕೆಟ್ಟ ಮನುಷ್ಯನಲ್ಲ. ಅವರ ಸೊಸೆಗೆ ಗಂಡುಮಗು ಸುಖವಾಗಿ ಹುಟ್ಟಿತೆಂದೂ, ಆ ತಾಯಿತವನ್ನು ಅವರು ಬಿಚ್ಚಿಸಲಿಲ್ಲವೆಂದೂ ಆಮೇಲೆ ಕೇಳಿದೆ. ನಾವು ಗಾಡಿ ಹತ್ತಿ ಅಪ್ಪನ ಕ್ವಾರ್ಟರ್ಸಿಗೆ ಹೋದೆವು. ಎರಡು ಕೋಣೆ, ಮೇಲೆ ತಗಡು. ಅಜ್ಜಿ ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಲಿಲ್ಲ, ಅಲ್ಲಿ ಬದುಕಿದ್ದ ಎರಡು ವರ್ಷದಲ್ಲೂ ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. ಅವಳಿಗೂ ಮೊದಲ ದಿನವೇ ಗೊತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಮಗನೋ ಸೂರೋ ಎಂದು ತೂಗುವಾಗ ಎರಡೂ ಉಳಿಯ‌ಬಹುದಾದ ಒಂದು ದಾರಿ ಕಂಡಿತು, ಹಿಡಿದಳು. ಅವಳನ್ನು ಬಯ್ಯಲು ನನಗೆ ಬಾಯಿಲ್ಲ.

ಎಸ್ಟೇಟಿನಲ್ಲಿ ಕಾಫಿ ಹೂವು ಬಿಟ್ಟ ಕಾಲದಲ್ಲಿ ದೊಡ್ಡಪ್ಪನಿಗೆ ಒಂದು ಮಾತು ಬಂತು. ಇಲ್ಲ ಎಂಬ ಮಾತು. ನಾವೆಲ್ಲ ಕುಣಿದಾಡಿದೆವು, ಒಂದು ಬಂದರೆ ಇನ್ನೊಂದು ಬರುತ್ತದೆ ಎಂದು. ಕಾಲು ಸುಮಾರಾಗಿ ಬಂತು, ಕೈ ಬರಲಿಲ್ಲ, ಎರಡನೆಯ ಮಾತು ಬರಲೇ ಇಲ್ಲ. ನೀರು ಬೇಕಾದರೆ ಇಲ್ಲ ಎನ್ನುತ್ತಿದ್ದರು, ನೀರು ಸಾಕಾದರೂ ಇಲ್ಲ. ದೊಡ್ಡಮ್ಮನ ಜೊತೆ ಊಟದ ಜಗಳವನ್ನೂ ಅದೊಂದರಲ್ಲೇ ಆಡುತ್ತಿದ್ದರು, ಏರಿಸಿ, ಇಳಿಸಿ, ಎಳೆದು. ಅವಳಿಗೆ ಅದು ತಿಳಿಯುತ್ತಿತ್ತು, ನನಗೆ ಅಷ್ಟು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಬಿಸಿಲಿಗೆ ಕಾಲು ಚಾಚಿ ಕೂತಿದ್ದರು, ನಾನು ಅವರ ಬೆರಳುಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಹೇಳಬೇಕೆಂದು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ನೀವು ಎಡಗೈಯಲ್ಲಿ ತೀರ್ಥ ಕೊಟ್ಟಾಗಲೇ ನನಗೆ ಗೊತ್ತಾಗಿತ್ತು, ಹೇಳಲಿಲ್ಲ, ಬೆಂಚಿನ ಮೇಲೆ ಕೂರಿಸಿದರೆಂದು ಸುಮ್ಮನಿದ್ದೆ. ಆಮೇಲೆ ಎಲ್ಲರ ಮುಂದೆ ಹೇಳಿದೆ, ಅದರಿಂದ ಮನೆ ಹೋಯಿತು. ಅವರು ನನ್ನ ಮುಖವನ್ನು ನೋಡುತ್ತ ಕೊನೆಯ ತನಕ ಕೇಳಿದರು.

“ದೊಡ್ಡಪ್ಪ, ನನ್ನ ಮೇಲೆ ಸಿಟ್ಟಿದ್ಯಾ?”

“ಇಲ್ಲ,” ಎಂದರು.

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟು ಕಾದೆ. ಅವರು ಎಡಗೈಯಿಂದ ನನ್ನ ಕಡೆ ಏನನ್ನೋ ತೋರಿಸಿ, ಇನ್ನೊಮ್ಮೆ, ಇನ್ನಷ್ಟು ಜೋರಾಗಿ ಇಲ್ಲ ಎಂದರು. ನಾನು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಅವರು ಅದನ್ನು ಇಸಿದುಕೊಂಡು ಕುಡಿದರು.